ಮುಟ್ಟಬೇಡಿ ಎಂದು ಬರೆದ ಬೋರ್ಡು

ಅಪ್ಪಾ,

ಮೊನ್ನೆ ವಾರ್ಡಿನ ಬಾಗಿಲಿಗೆ ಒಂದು ಬೋರ್ಡು ಬರೆದೆ. ನಾನೀಗ ಸಿಂಧನೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆದ ಹೆಂಗಸರ ವಾರ್ಡು ನೋಡಿಕೊಳ್ಳುವ ಸಿಸ್ಟರ್. ಒಬ್ಬರ ಸೋಂಕು ಇನ್ನೊಬ್ಬರಿಗೆ ದಾಟದಂತೆ ಕಾಯುವುದೂ ನನ್ನದೇ ಕೆಲಸ. ನಮ್ಮ ಕಡೆಯ ಮಂದಿ ನಿನಗೆ ಗೊತ್ತಲ್ಲ, ಟಂಟಂ ಆಟೋ ತುಂಬಿಕೊಂಡು ಬರುತ್ತಾರೆ, ರೋಗಿಯ ಮೈದಡವದಿದ್ದರೆ ಮಾತಾಡಿಸಿದ ಸಮಾಧಾನವೇ ಇಲ್ಲ. ಅದಕ್ಕೇ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ‘ರೋಗಿಗಳನ್ನು ಮುಟ್ಟಬೇಡಿ’ ಎಂದು ಬರೆದೆ. ಹಿಂದೆ ಸರಿದು ಓದಿಕೊಂಡೆ. ನಿನ್ನ ಮಗಳು ಬರೆಯುವ ಮಾತೇ ಇದು?

ನಾನು ಸಣ್ಣವಳಿದ್ದಾಗ ಊರ ಹೋಟೆಲಿನಲ್ಲಿ ನಮ್ಮ ಕೇರಿಯವರಿಗೆ ಬೇರೆ ಲೋಟ ಇರುತ್ತಿತ್ತು, ಚಹಾ ಮೇಲಿನಿಂದ ಸುರಿಯುತ್ತಿದ್ದರು. "ಕೈಗೆ ಕೊಡ್ರಿ. ಮುಟ್ಟಿದ್ರ ಸಾಯ್ತೀರೇನು?" ಎಂದು ಒಮ್ಮೆ ನೀನು ಕೇಳಿ, ಕುಡಿಯದೆ ನನ್ನನ್ನು ಎಳೆದುಕೊಂಡು ಹೊರಟುಬಿಟ್ಟಿದ್ದೆ. ಚಹಾ ಸಿಗಲಿಲ್ಲವೆಂದು ನಾನು ದಾರಿಯುದ್ದಕ್ಕೂ ಅತ್ತಿದ್ದೆ. ಮುಟ್ಟಿದರೆ ಯಾರೂ ಸಾಯುವುದಿಲ್ಲ ಎಂದು ನಂಬಿ ಬೆಳೆದವಳು ನಾನು. ಈಗ ನೋಡಿದರೆ, ಕೀವು ತಾಗಿದ ಕೈಯಿಂದ ಮುಟ್ಟಿದರೆ ಸಾಯಲೂಬಹುದು ಅಂತ ನಾನೇ... ಎರಡೂ ನಿಜವಾಗುವುದು ಹೇಗಪ್ಪಾ?

ನಿನ್ನೆ ಮುಕ್ಕುಂದ ಹಳ್ಳಿಯ ಮುದುಕಿಯೊಬ್ಬಳು ಹೊಟ್ಟೆಯ ಆಪರೇಷನ್ ಆದ ಮಗಳನ್ನು ನೋಡಲು ಬಂದಳು. ಬಂದವಳೇ ಬ್ಯಾಂಡೇಜಿನ ಮೇಲೆ ಕೈ ಇಡಲು ಹೋದಳು. "ಮುಟ್ಟಬ್ಯಾಡ ಯಮ್ಮಾ!" ಎಂದು ಕಿರುಚಿಬಿಟ್ಟೆ. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಹಾಗೆ ಎಳೆದುಕೊಳ್ಳುವುದನ್ನು ನಾನು ನಮ್ಮ ಕೇರಿಯಲ್ಲಿ ನೋಡಿದ್ದೇನೆ.

"ನಾವು ಯಾವ ಮಂದಿ ಅಂತ ತಿಳಕೊಂಡು ಹಿಂಗ ಅಂದಿ ಏನವ್ವಾ?"

"ಅಲ್ಲ ಯಮ್ಮಾ, ನಾನೂ ಕೇರಿಯಾಕಿನ. ಕೈಯಾಗಿಂದು ಗಾಯಕ್ಕ ಹತ್ತಿದ್ರ ಕೀವು ಆಗ್ತೈತಿ. ಯಾರ ಕೈ ಆದ್ರೂ ಅಷ್ಟ."

"ಹಂಗಾರ ಡಾಕ್ಟರ್ ಸಾಹೇಬ್ರಿಗೂ ಹಿಂಗ ಒದರ್ತಿ ಏನು?"

ರೌಂಡ್ಸಿನ ಅವಸರದಲ್ಲಿ ಡಾಕ್ಟರು ಕೈ ತೊಳೆಯದೆ ಮಂಚದಿಂದ ಮಂಚಕ್ಕೆ ಹೋಗುತ್ತಾರೆ. ನೌಕರಿ ಹೋದೀತೆಂದು ನಾನು ಸುಮ್ಮನಿರುತ್ತೇನೆ. ಹಾಗಾದರೆ ಆ ಬೋರ್ಡು ಬರೆದದ್ದು ಯಾರಿಗೆ? ಬಡವರ ಕೈಗಳಿಗೆ ಮಾತ್ರವೇ?

ಇವತ್ತು ಬೆಳಿಗ್ಗೆ ಡಾಕ್ಟರು ಪಕ್ಕದ ಮಂಚದಾಕೆಯ ಕೀವಾದ ಗಾಯ ಒತ್ತಿ ನೋಡಿ, ಅದೇ ಕೈಯನ್ನು ಮುದುಕಿಯ ಮಗಳ ಬ್ಯಾಂಡೇಜಿಗೆ ಚಾಚಿದರು. ಮುದುಕಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆಮೇಲೆ ನಾನು ಅಂದದ್ದು ಸೋಂಕಿನ ಭಯಕ್ಕೋ, ಮುದುಕಿಯ ಮುಖಕ್ಕೋ, ನಿನ್ನ ಸಿಟ್ಟು ನನ್ನೊಳಗೆ ಬಂದೋ, ಈಗಲೂ ತಿಳಿಯುತ್ತಿಲ್ಲ. ಬೋರ್ಡನ್ನು ಉಳಿಸಬೇಕೋ ಅಳಿಸಬೇಕೋ, ಅದೂ ತಿಳಿಯುತ್ತಿಲ್ಲ. ಇಷ್ಟು ಸುದ್ದಿ ಮಾತ್ರ ನಿನಗೆ ಮುಟ್ಟಲಿ ಅಪ್ಪಾ. ನಿನ್ನ ಮಗಳು ಡಾಕ್ಟರಿಗೆ, "ಮುಟ್ಟಬ್ಯಾಡ್ರಿ ಸರ್, ಮೊದಲು ಕೈ ತೊಳಕೊಳ್ರಿ" ಅಂದಳು. ಅವರು ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, ನಲ್ಲಿಯ ಕಡೆ ನಡೆದರು. ಮುದುಕಿ ಸೆರಗಿನೊಳಗಿಂದ ಕೈ ತೆಗೆದು, ಅವರ ಹಿಂದೆ ಹೋಗಿ ಸರದಿಗೆ ನಿಂತಳು.