ಚಾಂದಪಾಶಾನ ತೋಟದ ದೆವ್ವ

ಕಲಬುರ್ಗಿ, ಫೆಬ್ರುವರಿ ೧೯೫೦

ಅಪ್ಪನವರಿಗೆ ದತ್ತಪ್ಪನ ನಮಸ್ಕಾರ.

ಎದುರಿಗೆ ಹೇಳುವ ಧೈರ್ಯ ಬರಲಿಲ್ಲ, ಬರೆಯುತ್ತಿದ್ದೇನೆ. ಮೊನ್ನೆ ಕಮಲಾಪುರದ ಸಂತೆಗೆಂದು ನಿಮ್ಮ ಬಂಡಿ ಒಯ್ದವನು ಸಂತೆಗೆ ಹೋಗಲಿಲ್ಲ. ಮಸ್ತಾನಬಿ ಚಾಚಿಯನ್ನು ಕೂರಿಸಿಕೊಂಡು ಅವರ ತೋಟದ ಮನೆ ನೋಡಲು ಹೋದೆ. ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ಗಲಭೆಯಲ್ಲಿ ಕೊಲೆಯಾದ ಅವರ ಗಂಡ ಚಾಂದಪಾಶಾ ಚಾಚಾ ಅಲ್ಲಿ ದೆವ್ವವಾಗಿದ್ದಾರೆ, ಯಾರೂ ಕಾಲಿಡುವುದಿಲ್ಲ ಎಂದವರು ನೀವು. ಅದನ್ನು ನಂಬಿಯೇ ಚಾಚಿ ಇಲ್ಲಿ ಊರೊಳಗೆ ಜಗತ್ ಬಡಾವಣೆಯ ಬಾಡಿಗೆ ಕೋಣೆಯಲ್ಲಿದ್ದಾರೆ.

ತೋಟದ ತಿರುವಿನಲ್ಲಿ ನಾನು ಹಗ್ಗ ಜಗ್ಗುವ ಮೊದಲೇ ನಮ್ಮ ಎತ್ತುಗಳು ತಾವಾಗಿ ಒಳಗೆ ಹೊರಳಿ, ಬಾವಿಯ ಕಡೆ ಬೆನ್ನು ಮಾಡಿ, ದಿನದ ರೂಢಿಯಂತೆ, ನೀರೆತ್ತುವ ಜಾಗದಲ್ಲಿ ನಿಂತವು. ಸುತ್ತ ಕೆಂಪು ಬಾಳೆ ಗೊನೆ ಬಿಟ್ಟಿತ್ತು.

"ಬದುಕಿದ್ದಾಗ ನನ್ನ ಗಂಡ ಮೈಗಳ್ಳ ಇದ್ದ. ಸತ್ತ ಮ್ಯಾಲ ನೋಡು ಬೇಟಾ, ನಿಮ್ಮಪ್ಪನ ಬಾಳಿಗಿಡಕ್ಕ ನೀರ ಹಾಯ್ಸಾಕತ್ತಾನ" ಎಂದು ಚಾಚಿ ನಕ್ಕರು. ನನಗೆ ತಲೆ ಎತ್ತಲಾಗಲಿಲ್ಲ.

ಸೋಮವಾರ ಅವರು ತಮ್ಮ ಮನೆಗೆ ಮರಳುತ್ತಾರೆ, ನಾನೂ ಜೊತೆಗಿರುತ್ತೇನೆ. ಬಾಗಿಲಿಗೆ ನೀವು ಹಾಕಿದ ಬೀಗದ ಕೈಯನ್ನು ಅವ್ವನ ಹತ್ತಿರ ಕೊಟ್ಟು ಕಳುಹಿಸಿ. ನೀವು ಬರಬೇಡಿ. ಬಂದರೆ ಚಾಚಿ ಚಹಾ ಕೊಡುತ್ತಾರೆ. ನೀವು ಅದನ್ನು ಕುಡಿಯುವುದನ್ನು ನಾನು ನೋಡಲಾರೆ.

ನಿಮ್ಮ ಮಗ,
ದತ್ತಪ್ಪ