ಜಗಲಿಯ ಬೆರ್ಚಪ್ಪ

ಲೈಮಾ, ಓಹಿಯೋ
ನವೆಂಬರ್ ೧

ಮನೆಯ ಮಾಲೀಕರಾದ ಹ್ರೂಸ್ಕಾ ಅವರಿಗೆ,

ಹ್ಯಾಲೊವೀನ್‌ಗೆಂದು ನಿಮ್ಮ ಗ್ಯಾರೇಜನ್ನು ದೆವ್ವದ ಮನೆ ಮಾಡಲು ನಾನು ಹೊಡೆದ ಮೊಳೆ ಒಟ್ಟು ಹದಿನಾಲ್ಕು. ನಿನ್ನೆ ಒಂಬತ್ತು ಎಂದದ್ದು ಸುಳ್ಳು. ತೂತುಗಳನ್ನು ಶನಿವಾರ ಮುಚ್ಚಿಸುತ್ತೇನೆ.

ಮನೆ ಖಾಲಿ ಮಾಡಿಸುವ ನೋಟೀಸು ಹಿಡಿದು ಬಂದ ನೀವು, ಮಂಡಿನೋವೆಂದು ಜಗಲಿಯಲ್ಲಿ ಮಿಠಾಯಿ ಬುಟ್ಟಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿದಿರಿ. ಹಬ್ಬದ ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಿಕೊಂಡು ಬಂದ ಮಕ್ಕಳು ನಿಮ್ಮನ್ನು ಹುಲ್ಲು ತುಂಬಿದ ಬೆರ್ಚಪ್ಪ ಎಂದುಕೊಂಡರು. ರಾಣಿಯ ವೇಷದ ಹುಡುಗಿಯೊಬ್ಬಳು ನಿಮ್ಮ ಮೂಗು ಹಿಂಡಿ ಗೆಳತಿಗೆ, "ಎಷ್ಟ್ ಚೆನ್ನಾಗ್ ಮಾಡಿದಾರೆ ನೋಡೇ, ಮೂಗಲ್ಲಿ ಕೂದಲೂ ಇಟ್ಟಿದಾರೆ" ಎಂದಳು. ನೀವು ಕಣ್ಣು ಬಿಟ್ಟು, "ಒಂದೇ ತಗೋ ಮರಿ" ಎಂದಿರಿ. ಅವರ ಕಿರುಚಾಟ ಹಿಂದಿನ ಬೀದಿಗೂ ಕೇಳಿಸಿತಂತೆ.

ಆಮೇಲೆ ಎಂಟು ಗಂಟೆಯವರೆಗೂ ನೀವು ಕುರ್ಚಿ ಬಿಟ್ಟು ಏಳಲಿಲ್ಲ, ಬಂದ ಮಕ್ಕಳನ್ನೆಲ್ಲ ಹೀಗೇ ಬೆಚ್ಚಿಬೀಳಿಸಿ ನಗುತ್ತಿದ್ದಿರಿ. ಗ್ಯಾರೇಜಿನೊಳಗೆ ನನ್ನ ಅಸ್ಥಿಪಂಜರಗಳನ್ನು ಕೇಳುವವರೇ ಇರಲಿಲ್ಲ. ಹೊಟ್ಟೆಕಿಚ್ಚಾಯಿತು, ನಿಜ. ಆದರೆ ಈ ಆರು ವರ್ಷದಲ್ಲಿ ನೀವು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನೋಟೀಸು ಕುರ್ಚಿಯ ಕೆಳಗೆ ಸಿಕ್ಕಿತು. ಚಾಕಲೇಟು ಮೆತ್ತಿ ಅಕ್ಷರ ಕಾಣುತ್ತಿಲ್ಲ. ಬೇಕೆನಿಸಿದರೆ ಇನ್ನೊಂದು ಕಳಿಸಿ. ನೀವು ಮರೆತುಹೋದ ಟೋಪಿಯನ್ನು ಮಾತ್ರ ಕಳಿಸುವುದಿಲ್ಲ. ಅದು ಆ ಕುರ್ಚಿಯ ಮೇಲೇ ಇರುತ್ತದೆ. ಮುಂದಿನ ಹ್ಯಾಲೊವೀನ್‌ಗೆ ಆರು ಗಂಟೆಗೇ ಬಂದು ಹಾಕಿಕೊಳ್ಳಿ.

ಮೊಳೆಗಳ ಪರವಾಗಿ ಕ್ಷಮೆ ಕೋರುತ್ತಾ,
ನಿಮ್ಮ ಬಾಡಿಗೆಮನೆಯ
ಮಾರ್ಲೀನ್ ಪ್ರೂಯಿಟ್