ಟವರಿನ ನೆತ್ತಿಯ ದೀಪ

ನವೆಂಬರ್ 3, ಸೋಮವಾರ

ಇವತ್ತೂ ಕಾಂಕ್ರೀಟ್ ಕೊಯ್ಯುವ ಕಟರ್ ಕೆಟ್ಟಿತು. ಮಧ್ಯಾಹ್ನದವರೆಗೆ ಕೆಲಸ ಬಂದ್. ಜನ ಮಾತ್ರ ಎದುರಿನ ಹೋಟೆಲಿನಲ್ಲಿ ಚಹಾ ಹಿಡಿದು ಕತ್ತೆತ್ತಿ ನಿಂತೇ ಇದ್ದರು. ನಾವು ಕೆಡವುತ್ತಿರುವ ಟವರಿಗೆ ಒಂಬತ್ತು ಮಹಡಿ. ಮುಂಬೈಯವರು ಕೇಳಿದರೆ ನಕ್ಕಾರು, ಕಾರವಾರಕ್ಕೆ ಇದೇ ಗಗನಚುಂಬಿ. ಕೆಡವುವ ಕಂಪನಿಯ ಇಂಜಿನಿಯರ್ ಆದ ನಾನು ಇಲ್ಲೇ ದೇವಬಾಗದ ಹುಡುಗ ಅಂತ ಗೊತ್ತಾದ ಮೇಲೆ ಪುಕ್ಕಟೆ ಸಲಹೆ ಬೇರೆ.

ಬರುವ ಸೋಮವಾರ ನೆತ್ತಿಯ ನೀರಿನ ಟ್ಯಾಂಕು ತೆಗೆಯುವುದು. ಆಮೇಲೆ ಮೇಲಿಂದ ಒಂದೊಂದೇ ಮಹಡಿ. ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಬಂಗಡೆಯ ಮುಳ್ಳು ಬಿಡಿಸುತ್ತಿದ್ದ. ಕೈ ನಿಂತಿತು.

"ಟ್ಯಾಂಕು ಕಡೀಗೆ ತೆಗೀಲಿಕ್ಕೆ ಬರೂದಿಲ್ವ ತಮಾ?"

ತುದಿಯಲ್ಲಿರುವುದನ್ನು ಕೊನೆಗೆ ತೆಗೆಯುವುದು ಹೇಗೆ? ನನಗೆ ನಗು ಬಂತು. ಅಪ್ಪ ನಗಲಿಲ್ಲ.

ನವೆಂಬರ್ 5, ಬುಧವಾರ

ಟ್ಯಾಂಕು ತನಗೆ ಯಾಕೆ ಬೇಕು ಅಂತ ಸಂಜೆ ಅಪ್ಪ ದೋಣಿಯಲ್ಲಿ ಕರೆದುಕೊಂಡು ಹೋಗಿ ತೋರಿಸಿದ. ಕಾಳಿ ನದಿ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಮರಳ ದಿಬ್ಬ. ನಡುವೆ ಒಂದೇ ಒಂದು ಆಳದ ದಾರಿ, ಕಣ್ಣಿಗೆ ಕಾಣುವಂಥದ್ದಲ್ಲ. ಸಮುದ್ರದಿಂದ ಬರುವಾಗ ಪಟ್ಟಣದ ಕಡೆಗೇ ನೋಡುತ್ತಿರಬೇಕು. ಟವರಿನ ಟ್ಯಾಂಕು ಹಿಂದಿನ ಗುಡ್ಡದ ತಗ್ಗಿನಲ್ಲಿ ಬಂದು ಕೂತಾಗ ದೋಣಿ ತಿರುಗಿಸಬೇಕು. ಮುಂಚೆ ತಿರುಗಿಸಿದರೂ ದಿಬ್ಬ, ತಡವಾದರೂ ದಿಬ್ಬ. ದಿಬ್ಬದ ಮೇಲೆ ಅಲೆ ಒಡೆಯುತ್ತದೆ. ಸಣ್ಣ ದೋಣಿ ಮಗುಚಲು ಒಂದು ಅಲೆ ಸಾಕು.

ದೊಡ್ಡ ಬೋಟಿನವರಿಗೆಲ್ಲ ಜಿಪಿಎಸ್ ಇದೆ. ಒಬ್ಬನೇ ಹೋಗಿಬರುವ ಅಪ್ಪನಿಗೆ ಟವರೇ ಗುರುತು. ನನ್ನ ಹಳೇ ಫೋನ್ ಕೊಡುತ್ತೇನೆ, ಅದರಲ್ಲಿ ದಾರಿ ಹಾಕಿಕೊಡುತ್ತೇನೆ ಅಂದೆ.

"ಫೋನು ಒದ್ದೆ ಆದ್ರೆ ಸತ್ತೋಗ್ತದೆ. ಟವರ್ ಎಷ್ಟು ಮಳೆಗಾಲ ಒದ್ದೆ ಆಯ್ತು, ಸತ್ತದ್ಯ?"

ಈಗ ಅದನ್ನು ನಾನೇ ಸಾಯಿಸುತ್ತಿದ್ದೇನಲ್ಲ.

ನವೆಂಬರ್ 9, ಭಾನುವಾರ

ರಜೆ. ಟವರಿನ ಹಳೇ ನಕ್ಷೆ ಹರಡಿಕೊಂಡು ಕೂತೆ. 1987ರದ್ದು. ಮುಂಬೈಯ ಯಾರೋ ಆರ್ಕಿಟೆಕ್ಟ್, ಒಳ್ಳೇ ಕೈ. ನೈರುತ್ಯದ ಮಳೆ ಕಿಟಕಿಗೆ ಹೊಡೆಯದ ಹಾಗೆ ಪ್ರತಿ ಕಿಟಕಿಗೂ ಓರೆಯಾದ ಕಾಂಕ್ರೀಟ್ ರೆಕ್ಕೆ. ವಾಯವ್ಯ ಮೂಲೆಯ ನೆತ್ತಿಯಲ್ಲಿ ಟ್ಯಾಂಕು, ಮಗುಚಿ ಹಿಡಿದ ಕೊಡೆಯಂತೆ. ನಕ್ಷೆಯಲ್ಲಿ ಇಂಥವು ಎರಡು ಟವರ್, ನಡುವೆ ಸೇತುವೆ. ನೌಕಾನೆಲೆ ಬರುತ್ತದೆ, ಊರು ಮುಂಬೈ ಆಗುತ್ತದೆ ಅಂತ ನಂಬಿದ ಕಾಲ. ಎರಡನೆಯದು ಕಾಗದದಲ್ಲೇ ಉಳಿಯಿತು.

ಆಯಿ ಬಂದು ಬಗ್ಗಿ ನೋಡಿದಳು. ಅವಳ ತವರು ಚೆಂಡಿಯಾ. ಜಾಗ ನೇವಿಗೆ ಹೋದಾಗ ಪರಿಹಾರದ ಕಚೇರಿ ಇದರ ಐದನೇ ಮಹಡಿಯಲ್ಲಿತ್ತಂತೆ. ಅಂಕೋಲೆಯಿಂದ ಜನ ಬಸ್ಸು ಹತ್ತಿ ಲಿಫ್ಟ್ ನೋಡಲು ಬರುತ್ತಿದ್ದರಂತೆ. ಆಯಿಯ ಅಮ್ಮ, ನನ್ನ ಅಜ್ಜಿ, ಪರಿಹಾರ ಕೇಳಲು ಹೋದ ದಿನವೆಲ್ಲ ಲಿಫ್ಟ್ ಕೆಟ್ಟಿರುತ್ತಿತ್ತಂತೆ.

ಅಪ್ಪ ಹೇಳಿದ್ದು ಬೇರೆ. ಆ ಜಾಗದಲ್ಲಿ ಮೊದಲು ಒಂದು ತಾಳೆಮರ ಇತ್ತಂತೆ. ಅಜ್ಜನಿಗೆ ಅದೇ ಗುರುತು. ಮರ ಕಡಿದಾಗ ಅಜ್ಜ ಮೂರು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಆಮೇಲೆ ಅಲ್ಲೇ ಟವರ್ ಎದ್ದಿತು.

ಈ ಸಲ ಅಲ್ಲಿ ಪಾರ್ಕಿಂಗ್ ಬರುತ್ತದೆ.

ನವೆಂಬರ್ 14, ಶುಕ್ರವಾರ

ಟ್ಯಾಂಕು ಹೋಯಿತು. ಒಳಗೆ ಸರಳು ಉಪ್ಪುಗಾಳಿಗೆ ಉಬ್ಬಿ ಪುಡಿಯಾಗಿತ್ತು. ಹೇಗೆ ನಿಂತಿತ್ತೋ.

ಟ್ಯಾಂಕು ಇದ್ದ ಮೂಲೆಯಲ್ಲೇ ಉದ್ದ ಪೈಪು ನಿಲ್ಲಿಸಿ ಕೆಂಪು ಎಲ್‌ಇಡಿ ಕಟ್ಟಿದೆ. ನೆಟ್ಟಗಿದೆಯೇ ಅಂತ ತೂಗುಗುಂಡು ಬಿಟ್ಟು ನಾನೇ ನೋಡಿದೆ. ಮಹಡಿ ಇಳಿದಂತೆ ದೀಪವೂ ಇಳಿಯುತ್ತದೆ, ಮೂಲೆ ಅದೇ. ನೆಲ ಮುಟ್ಟುವಷ್ಟರಲ್ಲಿ ಬೇರೆ ಏನಾದರೂ ದಾರಿ ಹುಡುಕಿದರಾಯಿತು. ಮೇಸ್ತ್ರಿ ಶಾಂತಾರಾಮ ಯಾಕೆ ಸಾಹೇಬ್ರೆ ಅಂದ. ದೋಣಿಯವರಿಗೆ ಅಂದೆ, ಸಂಜೆ ಮರೆಯದೆ ಹಚ್ಚು ಅಂದೆ.

ಅಪ್ಪ ಕತ್ತಲಾಗುವ ಹೊತ್ತಿಗೆ ಬಂದ. ಬುಟ್ಟಿ ಇಳಿಸುವ ಮೊದಲೇ ಹೇಳಿದ. "ಅಲ್ಲೇ ಅದೆ ತಮಾ. ಒಂದು ಕೂದ್ಲೂ ಸರೀಲಿಲ್ಲ."

ಇಂಜಿನಿಯರಿಂಗ್ ಓದಿದ್ದಕ್ಕೆ ಇವತ್ತು ಮೊದಲ ಸಲ ಅಪ್ಪನಿಂದ ಶಹಬ್ಬಾಸ್. ಖುಷಿಯಾಯಿತು. ತುಂಬಾ.

ನವೆಂಬರ್ 23, ಭಾನುವಾರ. ಹಾರವಾಡ, ಮಧ್ಯಾಹ್ನ

ಅಕ್ಕ ಪ್ರೀತಿ ಇರುವುದು ಇಲ್ಲಿ, ಅವಳ ಮಗುವಿಗೆ ಹೆಸರಿಡುವ ಕಾರ್ಯ. ಆಯಿ, ನಾನು ನಿನ್ನೆಯೇ ಬಂದೆವು. ಅಪ್ಪ ಬರಲಿಲ್ಲ. ಬಂಗಡೆ ಬಿದ್ದಿದೆ, ಮೊಮ್ಮಗಳು ಎಲ್ಲಿಗೂ ಓಡುವುದಿಲ್ಲ, ನಾಳೆ ಬಂದು ನೋಡುತ್ತೇನೆ ಅಂದ. ಅಕ್ಕನಿಗೆ ಸಿಟ್ಟು. ಸೈಟಿನಲ್ಲಿ ಕೆಲಸ ಹಿಂದೆ ಬಿದ್ದು ಭಾನುವಾರವೂ ನಡೆಯುತ್ತಿದೆ. ಶಾಂತಾರಾಮ ನೋಡಿಕೊಳ್ಳುತ್ತಾನೆ. ಮಗು ನನ್ನ ಬೆರಳು ಹಿಡಿದು ಬಿಡಲೇ ಇಲ್ಲ. ಊಟಕ್ಕೆ ಕರೆಯುತ್ತಿದ್ದಾರೆ.

ನವೆಂಬರ್ 29

ಬರೆಯಲು ಆಗಿರಲಿಲ್ಲ.

ಅಪ್ಪ ಇಲ್ಲ. ಭಾನುವಾರ ಮುಸ್ಸಂಜೆ ಅಳಿವೆಯಲ್ಲಿ ದೋಣಿ ಮಗುಚಿತು. ದಿಬ್ಬದ ಮೇಲೆ. ಸೋಮವಾರ ಬೆಳಿಗ್ಗೆ ದೇವಬಾಗದ ದಂಡೆಗೇ ಬಂದು ಬಿದ್ದಿದ್ದ, ಮನೆಯ ಎದುರಿಗೇ ಅನ್ನುವ ಹಾಗೆ. ಬಲೆ ಕಾಲಿಗೆ ಸುತ್ತಿತ್ತು.

ಇಷ್ಟು ವರ್ಷ ತಪ್ಪದ ದಾರಿ. ಹೇಗೆ?

ಡಿಸೆಂಬರ್ 1, ಸೋಮವಾರ

ಸೈಟಿಗೆ ಹೋದೆ. ಮನೆಯಲ್ಲಿ ಕೂರಲು ಆಗಲಿಲ್ಲ.

ಈಗ ಆರು ಮಹಡಿ ಇದೆ. ಮೇಲೆ ಹತ್ತಿ ನೋಡಿದೆ. ದೀಪ ಇದೆ. ಟ್ಯಾಂಕು ಇದ್ದ ಮೂಲೆಯಲ್ಲಿ ಅಲ್ಲ, ಆಚೆ ಮೂಲೆಯಲ್ಲಿ.

ಶಾಂತಾರಾಮನನ್ನು ಕೇಳಿದೆ. ನಾನು ಹಾರವಾಡದಲ್ಲಿದ್ದ ಭಾನುವಾರ, ಮಧ್ಯಾಹ್ನವೇ ಸರಿಸಿದ್ದಾನೆ. ಕಲ್ಲುಮಣ್ಣು ಕೆಳಗೆ ಬಿಡಲು ಆ ಮೂಲೆ ಬೇಕಾಗಿತ್ತು. ಪೈಪು ಅಲುಗದ ಹಾಗೆ ನಾಲ್ಕು ಕಡೆ ತಂತಿ ಬಿಗಿದು ಕಟ್ಟಿದ್ದಾನೆ. ಸಂಜೆ ಮರೆಯದೆ ಹಚ್ಚಿದ್ದಾನೆ. "ನೀವು ಹೇಳಿದ್ರಲ್ಲ ಸಾಹೇಬ್ರೆ, ದೋಣಿಯವ್ರಿಗೆ ಬೇಕು ಅಂತ. ಅದ್ಕೇ ಕೆಲಸ ಬಿಟ್ಟು ಮೊದಲು ಅದನ್ನೇ ಕಟ್ದೆ."

ಅವನ ತಪ್ಪಿಲ್ಲ. ದೀಪ ಹಚ್ಚು ಅಂದಿದ್ದೆ. ಮೂಲೆ ಬಿಡಬೇಡ ಅಂದಿರಲಿಲ್ಲ. ನನಗೆ ಅದು ಹೇಳಬೇಕಾದ ಮಾತು ಅಂತಲೇ ಅನ್ನಿಸಿರಲಿಲ್ಲ. ದೋಣಿಯ ಮನೆಯಲ್ಲಿ ಹುಟ್ಟಿದವನಿಗೆ ಅದು ಹೇಳದೆಯೂ ಗೊತ್ತು. ಶಾಂತಾರಾಮನ ಊರಿಗೆ ಸಮುದ್ರವೇ ಇಲ್ಲ.

ಕಟ್ಟಡದ ಒಂದು ಮೂಲೆಯಿಂದ ಇನ್ನೊಂದಕ್ಕೆ ಸರಿದರೆ ಅಳಿವೆಯಲ್ಲಿ ಎಷ್ಟು ಸರಿಯುತ್ತದೆ ಅಂತ ಲೆಕ್ಕ ಹಾಕಿದೆ. ಹಾಕಬಾರದಿತ್ತು. ಸರಿಯಾಗಿ ದಿಬ್ಬದ ಮೇಲೆ.

ಅಪ್ಪ ದೀಪವನ್ನು ಗುಡ್ಡದ ತಗ್ಗಿಗೆ ತಂದು ಕೂರಿಸಿ, ಕೂದಲೂ ತಪ್ಪದ ಹಾಗೆ ತಿರುಗಿಸಿದ್ದಾನೆ. ಮಗ ಇಟ್ಟ ದೀಪ ಅಂತ ನಂಬಿ.

ಯಾರಿಗೂ ಹೇಳಿಲ್ಲ.

ಡಿಸೆಂಬರ್ 3, ಬುಧವಾರ

ಹನ್ನೊಂದನೇ ದಿನದ ಕಾರ್ಯ ಮುಗಿಯಿತು. ಕೇರಿಯವರೆಲ್ಲ ಬಂದಿದ್ದರು. ಊಟವಾದ ಮೇಲೆ ಹರಿಶ್ಚಂದ್ರ ಮಾವ ಮಾತು ತೆಗೆದ. ಅಪ್ಪನ ಜೊತೆ ದೋಣಿ ಹತ್ತಿ ಬೆಳೆದವನು, ಅಪ್ಪನನ್ನು ಹೆಸರು ಹಿಡಿದೇ ಕರೆಯುವ ಕೇರಿಯ ಹಿರಿಯ. "ದೇವಿದಾಸನ ಕಣ್ಣು ಹೋಗಿತ್ತು. ಯಾರ ಹತ್ರಾನೂ ಹೇಳ್ಕಳ್ಳಿಲ್ಲ ಅವ. ಕಣ್ಣಿದ್ರೆ ಆ ದಾರಿ ತಪ್ಪೂ ಗಂಡಸೇ ಅಲ್ಲ."

ಎಲ್ಲರೂ ಹೌದು ಹೌದು ಅಂದರು. ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. ಹೇಡಿ ನಾನು.

ಅಕ್ಕ, ಭಾವ ಹಾರವಾಡಕ್ಕೆ ಹೊರಟ ಮೇಲೆ ಆಯಿ ನನ್ನ ಹತ್ತಿರ ಬಂದು ಕೂತಳು. ಅಪ್ಪ ಹೋದಾಗಿನಿಂದ ಅವಳು ಅತ್ತಿರಲಿಲ್ಲ.

"ಹೋದ ವರ್ಷ ಸೂಜಿಗೆ ದಾರ ಪೋಣ್ಸಿಕೊಡು ಅಂದಿದ್ರು ತಮಾ. ನಾ ನಕ್ಕೆ. ಆವಾಗ್ಲೇ ಕಣ್ಣಿನ ಡಾಕ್ಟ್ರ ಹತ್ರ ಕರ್ಕಂಡು ಹೋಗ್ಬೇಕಾಗಿತ್ತು. ನಾನೇ ಕೊಂದೆ ಅವ್ರನ್ನ."

ಈಗ ಅತ್ತಳು.

ಅಪ್ಪನ ಕಣ್ಣಿಗೆ ಏನೂ ಆಗಿರಲಿಲ್ಲ. ಇದನ್ನು ಹೇಳಬೇಕಾದವನು ನಾನೊಬ್ಬನೇ. ಹೇಳದಿದ್ದರೆ ಆಯಿ ಸಾಯುವತನಕ ಆ ಸೂಜಿ ಹಿಡಿದು ಕೂತಿರುತ್ತಾಳೆ. ಹೇಳಿದರೆ ಅವಳಿಗೆ ಮಗನೂ...

ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಾಳೆ. ಈಗಲೇ ಹೋಗಿ, ಪಕ್ಕದಲ್ಲಿ ಕೂತು, ಹೇಳಿಬಿಡುತ್ತೇನೆ: ಆಯಿ, ಅಪ್ಪ ದಾರಿ ತಪ್ಪಲಿಲ್ಲ, ಆ ದಿನ ದೀಪ ಆಚೆ ಮೂಲೆಯಲ್ಲಿತ್ತು, ಸರಿಸಬೇಡ ಅಂತ ನಾನೇ ಹೇಳಿರಲಿಲ್ಲ.